ಮನೆಯ ನಾಯಿಯೂ ಮನೆಯ ಲೆಕ್ಕವೂ

ಮಲೆನಾಡಿನಲ್ಲಿ ನಾಯಿಯಿಲ್ಲದ ಮನೆ ವಿರಳ. ಭಂಡಿಗಡಿಯಂತಹ ಹಳ್ಳಿಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೋ ಗುಡ್ಡವೋ ಇರುವುದರಿಂದ ರಾತ್ರಿಯ ಕಾವಲೆಂದರೆ ನಾಯಿಯೇ. ಹಂದಿ ತೋಟಕ್ಕೆ ನುಗ್ಗಿದರೂ ಅಪರಿಚಿತನು ಉಣುಗೋಲು ದಾಟಿದರೂ ಮೊದಲು ತಿಳಿಸುವುದು ಅದು. ಇಷ್ಟು ಸೇವೆಗೆ ಅದಕ್ಕೆ ಸಲ್ಲುವ ಸಂಬಳ ಮಿಕ್ಕ ಅನ್ನ, ಮಜ್ಜಿಗೆ. ಆದಕಾರಣ ಮನೆಯ ಲೆಕ್ಕದ ಪುಸ್ತಕದಲ್ಲಿ ನಾಯಿಯ ಹೆಸರಿಗೆ ಒಂದು ಸಾಲೂ ಇರುವುದಿಲ್ಲ. ಅದು ಕಾಯಿಲೆ ಬಿದ್ದ ದಿನ ಆ ಖರ್ಚೆಲ್ಲ ಒಮ್ಮೆಗೇ ಎದುರಿಗೆ ಬಂದು ನಿಲ್ಲುತ್ತದೆ.

ಪಾರ್ವೊ ರೋಗವನ್ನೇ ತೆಗೆದುಕೊಳ್ಳೋಣ. 1978ರಲ್ಲಿ ಗುರುತಿಸಲ್ಪಟ್ಟ ಈ ವೈರಸ್ ಕೆಲವೇ ವರ್ಷಗಳಲ್ಲಿ ಜಗತ್ತನ್ನೆಲ್ಲ ವ್ಯಾಪಿಸಿತು. ಮರಿಗೆ ವಾಂತಿ, ರಕ್ತಭೇದಿ; ಚಿಕಿತ್ಸೆ ತಡವಾದರೆ ಕೆಲವೇ ದಿನಗಳಲ್ಲಿ ಸಾವು. ಹಲವು ದಿನ ಬಿಡದೆ ಡ್ರಿಪ್ ಕೊಟ್ಟು, ವಾಂತಿ ತಡೆದು, ಆರೈಕೆ ಮಾಡಿದರೆ ಬದುಕುವುದುಂಟು. ಹಣ ವ್ಯಯವಾಗುವುದು ಒಂದು ಸೀಸೆ ಔಷಧಕ್ಕಲ್ಲ, ಆ ಹಲವು ದಿನಗಳಿಗೆ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ ಮೀರಿದ ಕೇಸಾದರೆ ತೀರ್ಥಹಳ್ಳಿ ದಾಟಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕು. ಆಗ ಔಷಧಕ್ಕಿಂತ ಜೀಪಿನ ಬಾಡಿಗೆಯೇ ಮಿಗಿಲಾದರೆ ಆಶ್ಚರ್ಯವಿಲ್ಲ.

ಇಂತಹ ಹೊತ್ತಿನಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ‘ನಾಯಿ ತಾನೇ, ಒಂದು ಹೋದರೆ ಇನ್ನೊಂದು’ ಎಂಬುದು ಒಂದು. ‘ಸಾಲ ಮಾಡಿಯಾದರೂ ಉಳಿಸದವನು ಕಟುಕ’ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ಒಂದು ಪಾತ್ರವನ್ನಾಗಿಯೇ ಬೆಳೆಸಿದರು. ಹುಲಿಯನ ಬದಲಿಗೆ ಇನ್ನೊಂದು ನಾಯಿ ಎಂದು ಓದಿದ ಯಾರಿಗಾದರೂ ಅನಿಸೀತೇ? ಆದರೆ ಕೂಲಿಯಿಂದ ಜೀವಿಸುವ ಮನೆಯವರು ಮಗಳ ಕಾಲೇಜು ಫೀಜಿನ ಹಣವನ್ನು ನಾಯಿಗೆ ಸುರಿಯದಿದ್ದರೆ ಅವರನ್ನು ಹೃದಯಹೀನರೆನ್ನುವುದು ಇನ್ನೂ ದೊಡ್ಡ ಕ್ರೌರ್ಯ. ಪ್ರೀತಿಯನ್ನು ಬಿಲ್ಲಿನ ಮೊತ್ತದಿಂದ ಅಳೆಯಬಾರದು.

ಹಾಗಾದರೆ ಮಾಡತಕ್ಕದ್ದೇನು? ವೈದ್ಯರ ಮುಂದೆ ಸಂಕೋಚ ಬಿಟ್ಟು ಮೂರು ಮಾತು ಕೇಳಬೇಕು: ಬದುಕುವ ಸಂಭವ ಎಷ್ಟು? ಇಂದೇ ಆಗಬೇಕಾದ ಚಿಕಿತ್ಸೆ ಯಾವುದು, ಕಾಯಬಹುದಾದ ಪರೀಕ್ಷೆ ಯಾವುದು? ನಮ್ಮ ಕೈಯಲ್ಲಿರುವುದು ಇಷ್ಟು, ಇಷ್ಟರಲ್ಲಿ ಏನು ಸಾಧ್ಯ? ಬಡತನವನ್ನು ಹೇಳಿಕೊಳ್ಳುವುದು ಅವಮಾನವಲ್ಲ. ಹೇಳಿದರೆ ವೈದ್ಯರಿಗೂ ದಾರಿ ಹುಡುಕಲು ಅನುಕೂಲ. ಗುಣವಾಗದ ನೋವಾದರೆ ವೈದ್ಯರ ಕೈಯಿಂದ ನೋವಿಲ್ಲದ ಮರಣ ಕೊಡಿಸುವುದೂ ದಯೆಯೇ. ಕಾಡಿನಂಚಿನಲ್ಲಿ ಬಿಟ್ಟುಬರುವುದು ಮಾತ್ರ ದಯೆಯಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅದು ಅಪರಾಧವೂ ಹೌದು.

ಎಲ್ಲಕ್ಕಿಂತ ಮುಖ್ಯವಾದದ್ದು ಮುನ್ನೆಚ್ಚರಿಕೆ. ಮರಿಗೆ 6ರಿಂದ 8 ವಾರಗಳಾದಾಗ ಪಾರ್ವೊ ಲಸಿಕೆ ಆರಂಭಿಸಿ, 3-4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆಯಂತೂ ಮನೆಮಂದಿಯ ಪ್ರಾಣಕ್ಕೂ ರಕ್ಷೆ. ರಾಜ್ಯದ ಪಶು ಸಂಜೀವಿನಿ ಆಂಬುಲೆನ್ಸಿನ ಸಂಖ್ಯೆ 1962. ಅದು ಮುಖ್ಯವಾಗಿ ದನಕರುಗಳ ಸೇವೆಗೆಂದು ಬಂದದ್ದಾದರೂ ಆ ಸಂಖ್ಯೆ ಪ್ರತಿ ಮನೆಯ ಗೋಡೆಯ ಮೇಲಿರಲಿ.

ನಾಟಿಗೂ ಅಡಕೆ ಸುಲಿಯುವುದಕ್ಕೂ ಮುಯ್ಯಾಳಾಗಿ ಹೋಗುವುದು ನಮ್ಮ ಹಿರಿಯರು ಕಲಿಸಿದ ಪಾಠ. ಅದೇ ರೀತಿ ಹತ್ತು ಮನೆಗಳು ಸೇರಿ ಒಂದೇ ದಿನ, ಒಂದೇ ಬಾಡಿಗೆಯಲ್ಲಿ ನಾಯಿಗಳಿಗೆಲ್ಲ ಲಸಿಕೆ ಹಾಕಿಸಬಾರದೇಕೆ? ಅಡಕೆ ಮಾರಿದಾಗ ಮನೆಗೆ ನೂರು ರೂಪಾಯಿಯಂತೆ ತೆಗೆದಿಟ್ಟರೆ ಒಂದು ನಡುರಾತ್ರಿಯ ಜೀಪಿಗಾದರೂ ಆಗುತ್ತದೆ. ಮನೆ ಮನೆ ತಿರುಗಿ ಪಟ್ಟಿ ಬರೆಯುವ ಕೆಲಸವನ್ನು ನಮ್ಮ ಕಾಲೇಜಿನ ಎನ್.ಎಸ್.ಎಸ್. ಮಿತ್ರರು ಮಳೆಗಾಲಕ್ಕೆ ಮುಂಚೆಯೇ ಕೈಗೊಳ್ಳಲಿ; ಅಧ್ಯಾಪಕರು ಅದಕ್ಕೆ ಮಾರ್ಗದರ್ಶನ ಮಾಡಲಿ.