ಚೊಂಬು ತೊಳೆದವಳನ್ನು ಕೇಳಿ

ಬಿ.ಎ., ಬಿ.ಎಡ್. ಓದಿ, ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಸಮಾಜ ಪಾಠ ಹೇಳಿಕೊಂಡು ಬಂದಿರುವ ಇವಳಿಗೆ ಲೋಹ ಕಡೆಯುವ ಯಂತ್ರಗಳ ಉಸಾಬರಿ ಏಕೆ ಎಂದು ನೀವು ಹುಬ್ಬೇರಿಸಬಹುದು. ನಮ್ಮ ಯಜಮಾನರೂ ಅದನ್ನೇ ಕೇಳಿದರು. ಆದರೆ ಕಳೆದ ಯುಗಾದಿಗೆ ಕ್ಯಾತಗಾನಚೆರ್ಲಿಗೆ ಬಂದ ನನ್ನ ತಂಗಿಯ ಮಗಳು ಒಬ್ಬಟ್ಟನ್ನೂ ಮುಟ್ಟದೆ ಮೂಲೆ ಹಿಡಿದು ಕೂತಾಗ ಸುಮ್ಮನಿರಲು ನನ್ನಿಂದಾಗಲಿಲ್ಲ.

ಹುಡುಗಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ. “ಮೂರು ತಿಂಗಳು ಸಂಬಳದಲ್ಲಿ ಹಿಡ್ಕೊಳ್ತಾರಂತೆ ದೊಡ್ಡಮ್ಮ, ನನ್ನಿಂದ ಒಂದು ಇಂಪೆಲ್ಲರ್ ಕೆಡ್ತು” ಎಂದಳು.

ಬೋರ್‌ವೆಲ್ ಮೋಟಾರನ್ನು ಮೇಲೆತ್ತಿಸಿ ಎತ್ತಿಸಿ ಸಾಕಾಗಿರುವ ಪಾವಗಡದವರಿಗೆ ಇಂಪೆಲ್ಲರ್ ಎಂದರೇನೆಂದು ಹೇಳಬೇಕಾಗಿಲ್ಲ. ಆದರೆ ಅವು ಅಚ್ಚಿನಲ್ಲಿ ಆಗುವಂಥವು. ಇವಳ ಕೈಗೆ ಬಂದದ್ದು ಟೈಟಾನಿಯಂ ಗಟ್ಟಿಯಿಂದ ಕಡೆದು ತೆಗೆಯಬೇಕಾದದ್ದು. ರೆಕ್ಕೆಗಳು ಒಂದರ ಬೆನ್ನಿಗೊಂದು ತಿರುಚಿಕೊಂಡಿರುತ್ತವೆ. ಟೈಟಾನಿಯಂ ಶಾಖವನ್ನು ಬೇಗ ಹರಿಯಗೊಡುವುದಿಲ್ಲ. ಕಾವೆಲ್ಲ ಟೂಲಿನ ಅಂಚಿನಲ್ಲೇ ನಿಂತು ಅದನ್ನು ತಿಂದುಹಾಕುತ್ತದೆ.

ಇಂಥದ್ದನ್ನು ಐದು ಅಕ್ಷದ ಯಂತ್ರದಲ್ಲಿ ಕಡೆಯುತ್ತಾರಂತೆ. ಐದು ಎಂದರೆ ಹೇಗೆ ಎಂದೆ. ಅವಳು ಬಚ್ಚಲಿನಿಂದ ಚೊಂಬು ತಂದಳು. ಕಿರಿದಾದ ಕೊರಳಿನ ಚೊಂಬನ್ನು ಹುಣಸೆಹಣ್ಣು ಹಾಕಿ ಒಳಗೆ ತಿಕ್ಕುವಾಗ ನಾವು ಏನು ಮಾಡುತ್ತೇವೆ? ಕೈ ಹಿಂದೆ ಮುಂದೆ, ಅತ್ತ ಇತ್ತ, ಮೇಲೆ ಕೆಳಗೆ ಹೋಗುತ್ತದೆ. ಇದು ಮೂರು. ಅಷ್ಟಕ್ಕೂ ಮೂಲೆ ಸಿಗದಿದ್ದರೆ ಚೊಂಬನ್ನು ವಾಲಿಸುತ್ತೇವೆ, ತಿರುಗಿಸುತ್ತೇವೆ. ಅಲ್ಲಿಗೆ ಐದಾಯಿತು. ಹೀಗೆ ತಿಕ್ಕುವಾಗ ಬೆರಳು ಸರಿಯಾದ ಜಾಗದಲ್ಲೇ ಇದ್ದರೂ ಬಳೆ ಕೊರಳಿಗೆ ಬಡಿಯುತ್ತದಲ್ಲ, ಯಂತ್ರದಲ್ಲೂ ಹಾಗೇ. ಟೂಲಿನ ತುದಿ ಸರಿಯಿದ್ದರೂ ಅದನ್ನು ಹಿಡಿದಿರುವ ಹೋಲ್ಡರ್ ರೆಕ್ಕೆಗೆ ತಗಲಬಹುದು. ಎಷ್ಟು ವಾಲಬೇಕು, ಎಲ್ಲಿ ತಿರುಗಬೇಕು ಎಂದು ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರಿಗೆ ಕ್ಯಾಮ್ ಎನ್ನುತ್ತಾರೆ. ಮಾಸ್ಟರ್‌ಕ್ಯಾಮ್, ಹೈಪರ್‌ಮಿಲ್, ಪವರ್‌ಮಿಲ್, ಎನ್‌ಎಕ್ಸ್ ಎಂದು ಸೀರೆಯಂಗಡಿಯ ಹಾಗೆ ಹತ್ತಾರು ಹೆಸರು. ನಾನು ಯಾವುದನ್ನೂ ಹೊಗಳಲಾರೆ, ತೆಗಳಲಾರೆ. ನನ್ನ ಜಗಳ ಆರಿಸುವವರ ಜೊತೆ.

ಆ ವರ್ಕ್‌ಶಾಪಿನವರು ಆರಿಸಿದ್ದು ಹೇಗೆ ಗೊತ್ತೆ? ಮಾರುವವರು ಹೋಟೆಲಿಗೆ ಕರೆದರು. ದೊಡ್ಡ ಪರದೆಯ ಮೇಲೆ ತಾವೇ ತಂದಿದ್ದ ಯಾವುದೋ ಭಾಗವನ್ನು ಬೆಣ್ಣೆಯಂತೆ ಕಡೆದು ತೋರಿಸಿದರು. ಊಟವಾಯಿತು. ತಿಂಗಳ ಕೊನೆಯೊಳಗೆ ತೆಗೆದುಕೊಂಡರೆ ರಿಯಾಯಿತಿ ಎಂದರು. ಪಕ್ಕದ ಶೆಡ್ಡಿನವರೂ ಕೊಂಡಿದ್ದಾರೆಂದು ಸೇರಿಸಿದರು. ಲಕ್ಷಗಟ್ಟಲೆಯ ಚೆಕ್ಕು ಹರಿಯಿತು. ದಿನಾ ಅದರ ಮುಂದೆ ಕೂರಬೇಕಾದ ಹುಡುಗಿ ಆ ಹೋಟೆಲಿನಲ್ಲಿ ಇರಲೇ ಇಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕಾದರೂ ಹುಡುಗಿಯನ್ನು ಹೊರಗೆ ಕರೆದು ಕೂರಿಸುತ್ತಾರೆ!

ಕೆಟ್ಟದ್ದು ಎಲ್ಲಿ? ಕ್ಯಾಮ್ ಹಾಕಿದ ಲೆಕ್ಕ ಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ಒಂದೊಂದು ಯಂತ್ರದ ಕಂಟ್ರೋಲರಿಗೆ ಒಂದೊಂದು ನುಡಿಗಟ್ಟು. ಕೆಲವದರಲ್ಲಿ ಮೇಜು ವಾಲುತ್ತದೆ, ಕೆಲವದರಲ್ಲಿ ತಲೆ ವಾಲುತ್ತದೆ. ನಡುವೆ ನಿಂತು ಅನುವಾದಿಸುವುದಕ್ಕೆ ಪೋಸ್ಟ್ ಪ್ರೊಸೆಸರ್ ಎಂಬುದಿದೆ. ಅನುವಾದದ ಪಾಡು ನಮಗೆ ಗೊತ್ತಿಲ್ಲವೆ? ಮುಕ್ಕಾಲು ಪಾಲು ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ನಮ್ಮದು. ತೆಲುಗಿನಲ್ಲಿ ‘ಅಡುಗು’ ಎಂದರೆ ಕೇಳು. ಕನ್ನಡದಲ್ಲಿ ‘ಅಡಗು’ ಎಂದರೆ ಬಚ್ಚಿಟ್ಟುಕೊ. ಮೇಷ್ಟ್ರನ್ನು ಕೇಳು ಎಂದು ಮನೆಯಲ್ಲಿ ಹೇಳಿಸಿಕೊಂಡು ಬಂದ ಮಗು ಬಾಗಿಲ ಹಿಂದೆ ನಿಂತರೆ ತಪ್ಪು ಯಾರದು? ಇಲ್ಲೂ ಪರದೆಯ ಮೇಲೆ ನಿರ್ವಿಘ್ನವಾಗಿ ಓಡಿದ್ದು ಅನುವಾದಕ್ಕೆ ಮುಂಚಿನ ಮಾತು. ಯಂತ್ರ ಕೇಳಿಸಿಕೊಂಡಿದ್ದು ಅನುವಾದವಾದ ಮೇಲಿನದು. ಮೇಜು ಹತ್ತಿರದ ದಾರಿ ಬಿಟ್ಟು ಸುತ್ತುಹಾಕಿ ತಿರುಗಿತು, ಹೋಲ್ಡರ್ ರೆಕ್ಕೆಗೆ ಬಡಿಯಿತು.

ಹುಡುಗಿಯದೂ ತಪ್ಪಿದೆ, ನಾನು ಮುಚ್ಚಿಡುವುದಿಲ್ಲ. ಲೋಹವಿಡದೆ ಬರಿದೇ ಒಮ್ಮೆ ಓಡಿಸಿ ನೋಡಬೇಕಿತ್ತು. ಸಂಜೆಯೊಳಗೆ ಕಳಿಸಬೇಕೆಂದು ಕತ್ತಿನ ಮೇಲೆ ಕೂತಿದ್ದರು, ನೋಡಲಿಲ್ಲ. ಆದರೆ ಈ ಯಂತ್ರಕ್ಕೆ ತಕ್ಕ ಪೋಸ್ಟ್ ಬೇರೆ ಬರೆಸಬೇಕು, ಅದಕ್ಕೆ ಹಣ ಬೇರೆ ಎಂದು ಕೊಳ್ಳುವ ದಿನ ಯಾರೂ ಕೇಳಲಿಲ್ಲವಲ್ಲ, ಅವರ ಸಂಬಳದಲ್ಲಿ ಎಷ್ಟು ಹಿಡಿದರು? ಭಾಗ ಸರಿಯಾಗಿ ಬಂದ ದಿನ “ಅಷ್ಟು ದುಡ್ಡಿನ ಸಾಫ್ಟ್‌ವೇರ್, ಅದೇ ಮಾಡುತ್ತೆ” ಎಂದು ಇವಳ ಸಂಬಳ ಏರಿಸಲಿಲ್ಲ. ಕೆಟ್ಟ ದಿನ ಮಾತ್ರ ಮಾಡಿದ್ದು ಇವಳು!

ಮಾಲೀಕರ ತಲೆಯ ಮೇಲೂ ಬ್ಯಾಂಕಿನ ಸಾಲವಿದೆ ಎಂದು ನನಗೆ ಗೊತ್ತು. ಬೆಲೆ ನೋಡಬೇಡಿ ಎಂದು ನಾನೇನೂ ಹೇಳುತ್ತಿಲ್ಲ. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಕೊಳ್ಳುವಾಗ ನಾವು ಅಂಗಡಿಯವನ ನೀರು ಸುತ್ತಿಸಿ ನೋಡಿ ಬರುತ್ತೇವೆಯೆ? ನಮ್ಮ ಅಕ್ಕಿ ಹಾಕಿ ನೋಡಬೇಕು. ನಿಮ್ಮಲ್ಲಿರುವ ಭಾಗಗಳಲ್ಲಿ ತೀರ ಹಟಮಾರಿಯಾದದ್ದನ್ನು ಮಾರುವವರ ಮುಂದಿಡಿ. ನಿಮ್ಮ ಯಂತ್ರದಲ್ಲಿ, ನಿಮ್ಮ ಲೋಹದಲ್ಲಿ ಕಡೆದು ತೋರಿಸಲಿ. ತೊಂದರೆಯಾದರೆ ಫೋನು ಎತ್ತುವವರು ಯಾರು, ವರ್ಷ ವರ್ಷ ಕಟ್ಟುವುದೆಷ್ಟು ಕೇಳಿ. ಕೇಳುವ ಕುರ್ಚಿಯಲ್ಲಿ ಪ್ರೋಗ್ರಾಂ ಬರೆಯುವವರನ್ನು ಕೂರಿಸಿ. “ಅವಳಿಗೆ ಅನುಭವ ಸಾಲದು” ಎನ್ನುತ್ತೀರಾ? ಮೂರು ತಿಂಗಳ ಸಂಬಳ ಹಿಡಿಯುವಾಗ ಸಾಕಾಗುವ ಅನುಭವ, ನಾಲ್ಕು ಪ್ರಶ್ನೆ ಕೇಳುವುದಕ್ಕೆ ಸಾಲದೆ ಹೋಗುತ್ತದೆಯೆ?

ಇದು ನಮ್ಮ ಮನೆಯೊಂದರ ಅಳಲಲ್ಲ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕಿಗಳ ಅಪ್ಪಣೆಯಂತೆ ಲೋಹ ಕಡೆಯುವ ಯಂತ್ರವನ್ನು ಮೊದಲು ತೋರಿಸಿದಾಗ ಅದರ ಹಿಂದಿದ್ದ ಯೋಚನೆ ಹುಟ್ಟಿದ್ದು ಹೆಲಿಕಾಪ್ಟರಿನ ರೆಕ್ಕೆಗಳ ಕೆಲಸದಿಂದ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ. ನಿಮ್ಮ ಮಗಳೂ ನಾಳೆ ಅಂಥ ಪರದೆಯ ಮುಂದೆ ಕೂರಬಹುದು. ಕ್ಯಾಮ್ ಕೋರ್ಸಿಗೆ ಫೀಜು ಕಟ್ಟುವ ತಾಯಂದಿರು ಗುಂಡಿ ಒತ್ತುವುದನ್ನಷ್ಟೇ ಕಲಿಸುತ್ತಾರೋ, ಅನುವಾದವಾಗಿ ಬಂದ ಸಾಲುಗಳನ್ನು ಓದುವುದನ್ನೂ ಕಲಿಸುತ್ತಾರೋ ವಿಚಾರಿಸಿ.

ಮೊನ್ನೆ ಹುಡುಗಿ ಫೋನು ಮಾಡಿದ್ದಳು. ಬೇರೆ ಸಾಫ್ಟ್‌ವೇರ್ ಮಾರುವವರು ಗುರುವಾರ ವರ್ಕ್‌ಶಾಪಿಗೇ ಬರುತ್ತಾರಂತೆ. ಇವಳನ್ನು ಒಳಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕೆಟ್ಟ ಇಂಪೆಲ್ಲರ್ ಇನ್ನೂ ಕಿಟಕಿಯ ಕಟ್ಟೆಯ ಮೇಲೇ ಇದೆಯಂತೆ. “ಕರೆಯೋತನಕ ಕಾಯಬೇಡ ಕಣೆ, ಅದನ್ನ ತಗೊಂಡು ಹೋಗಿ ಅವರ ಮೇಜಿನ ಮೇಲಿಡು” ಎಂದೆ. “ಭಾರ ಇದೆ ದೊಡ್ಡಮ್ಮ” ಎಂದು ನಕ್ಕಳು.