ಡೊಂಕು ಕಾಲಿಗೆ ಜಾತಿಯ ಹೆಸರು ಇಡಬೇಡಿ



ನಮ್ಮ ಜಿಲ್ಲೆಯ ಎರಡು ಹಳ್ಳಿಗಳ ಹೆಸರು ಲೋಕದ ವೈದ್ಯ ಪುಸ್ತಕಗಳಲ್ಲಿ ಅಚ್ಚಾಗಿದೆ. ಒಂದು ಸೊರಬ ತಾಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಸತ್ತರು. ಹೊಸ ವೈರಸ್ಸು ಸಿಕ್ಕಿತು, ಅದಕ್ಕೆ ಕ್ಯಾಸನೂರಿನ ಹೆಸರಿಟ್ಟರು. ಇನ್ನೊಂದು ಪಕ್ಕದ ಸಾಗರ ತಾಲೂಕಿನ ಹಂದಿಗೋಡು. 1974–75ರ ಹೊತ್ತಿಗೆ ಅಲ್ಲಿ ಜನರ ಸೊಂಟ, ಮಂಡಿ ಹಿಡಿದು ನಡೆಯಲಾಗದಂತಾದದ್ದು ಹೊರಗಿನವರ ಕಣ್ಣಿಗೆ ಬಿತ್ತು. ಆ ಕಾಯಿಲೆಗೂ ಊರಿನ ಹೆಸರೇ ಬಂತು. ಕಾಯಿಲೆಗೆ ಊರಿನ ಹೆಸರು ಸಿಕ್ಕಿತು. ಊರಿಗೆ ಏನು ಸಿಕ್ಕಿತು?

ಈ ಪ್ರಶ್ನೆ ನನಗೆ ಪುಸ್ತಕ ಓದಿ ಹುಟ್ಟಿದ್ದಲ್ಲ. ನಮ್ಮ ಚಿಕ್ಕವ್ವನ ಮಗಳ ಕಾಲು ನೋಡಿ ಹುಟ್ಟಿದ್ದು.

ಚಿಕ್ಕವ್ವನನ್ನು ಸೊರಬದ ಕಡೆಗೆ ಕೊಟ್ಟಿದ್ದರು. ಅವಳ ಮಗಳು ಎರಡು ವರ್ಷ ಆದರೂ ನಡೆಯಲಿಲ್ಲ. ನಡೆಯೋಕೆ ಶುರು ಮಾಡಿದ ಮೇಲೆ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿದವು. ಮುಂಗೈ ಗಂಟು ದಪ್ಪ. ಹಲ್ಲು ತಡವಾಗಿ ಬಂದವು. ಕೂಲಿ ಬಿಟ್ಟು ಒಂದು ಆಸ್ಪತ್ರೆಗೆ ಹೊತ್ತುಕೊಂಡು ಹೋದಳು. ಅಲ್ಲಿ ಕೂತಿದ್ದವರು ಮಗುವನ್ನು ಮುಟ್ಟಿ ನೋಡಲಿಲ್ಲ. ಯಾವ ಊರು, ಯಾವ ಕೇರಿ ಅಂತ ಕೇಳಿದರು. ಹೇಳಿದಳು. ‘ಇದು ನಿಮ್ಮೋರಿಗೆ ಬರೋ ಕಾಯಿಲೆ ಕಣಮ್ಮ. ರಕ್ತದಾಗೇ ಐತೆ. ಇದಕ್ಕೆ ಔಷಧಿ ಇಲ್ಲ’ ಅಂದರು. ಚೀಟಿಯೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಚಿಕ್ಕವ್ವ ಅಳುತ್ತಾ ಬಂದಳು. ಮನೆಯಲ್ಲಿ ದೊಡ್ಡವರು ‘ಹಣೇಲಿ ಬರೆದಿದ್ದು’ ಅಂದರು. ಡಾಕ್ಟರೂ ಅದನ್ನೇ ಹೇಳಿದ್ದು, ಸ್ವಲ್ಪ ಓದಿದ ಮಾತಿನಲ್ಲಿ. ಅಷ್ಟೇ ವ್ಯತ್ಯಾಸ.

ಒಂದೂವರೆ ವರ್ಷ ಹಾಗೇ ಕಳೆಯಿತು. ಆಮೇಲೆ ಇನ್ನೊಂದು ಕಡೆ ಒಬ್ಬ ಡಾಕ್ಟರಮ್ಮ ಮಗುವನ್ನು ಮೇಜಿನ ಮೇಲೆ ಮಲಗಿಸಿ, ಕೈಕಾಲು ಮುಟ್ಟಿ, ಮುಂಗೈಯ ಮತ್ತು ಮಂಡಿಯ ಎಕ್ಸ್‌ರೇ ತೆಗೆಸಿದರು. ರಕ್ತ ಪರೀಕ್ಷೆ ಮಾಡಿಸಿದರು. ‘ಇದು ಹಂದಿಗೋಡು ಕಾಯಿಲೆ ಅಲ್ಲ. ರಿಕೆಟ್ಸ್. ವಾಸಿ ಆಗುತ್ತೆ’ ಅಂದರು. ವಿಟಮಿನ್ ಡಿ, ಕ್ಯಾಲ್ಸಿಯಂ. ಮೂರು ತಿಂಗಳಿಗೆ ಎಕ್ಸ್‌ರೇಯಲ್ಲಿ ಹೊಸ ಎಲುಬು ಗಟ್ಟಿಯಾದದ್ದು ಕಾಣಿಸಿತು. ಕಾಲು ನಿಧಾನಕ್ಕೆ ನೆಟ್ಟಗಾಗುತ್ತಾ ಬಂತು. ಇವತ್ತು ಆ ಹುಡುಗಿ ಶಾಲೆಗೆ ಓಡುತ್ತಾಳೆ. ಒಂದು ಕಾಲಿನಲ್ಲಿ ಸ್ವಲ್ಪ ಬಾಗು ಉಳಿದಿದೆ. ಅದು ರಿಕೆಟ್ಸಿನ ಬಾಗು ಅಂತ ನಾನು ಹೇಳಲಾರೆ. ಅದು ಕಳೆದುಹೋದ ಒಂದೂವರೆ ವರ್ಷದ ಬಾಗು.

ಗೆಳೆಯರೆ, ರಿಕೆಟ್ಸ್ ಅಂದರೆ ಏನು? ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಹೊಸ ಎಲುಬು ಮೊದಲು ಮೆತ್ತಗೆ ಹುಟ್ಟುತ್ತದೆ. ಅದು ಗಟ್ಟಿಯಾಗಲು ಕ್ಯಾಲ್ಸಿಯಂ ಮತ್ತು ರಂಜಕ ಬೇಕು. ಉಂಡ ಅನ್ನದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಕರುಳಿಗೆ ವಿಟಮಿನ್ ಡಿ ಬೇಕು. ಆ ವಿಟಮಿನ್ ಡಿ ಬಹುಪಾಲು ಬಿಸಿಲು ಬಿದ್ದ ಚರ್ಮದಲ್ಲೇ ತಯಾರಾಗುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲುಬು ಮೆತ್ತಗೆ ಉಳಿಯುತ್ತದೆ, ಮೈಭಾರಕ್ಕೆ ಬಾಗುತ್ತದೆ.

ಇದನ್ನು ಕಂಡುಹಿಡಿದದ್ದು ಹೇಗೆ ಎಂಬುದು ನಮಗೆ ಪಾಠ. ಯುರೋಪಿನ ಹೊಗೆ ತುಂಬಿದ ಕಾರ್ಖಾನೆ ಊರುಗಳಲ್ಲಿ ಕೂಲಿಕಾರರ ಮಕ್ಕಳ ಕಾಲು ಹೀಗೇ ಬಾಗಿದ್ದವು. ವಂಶದ ದೋಷ ಎಂದವರು ಇದ್ದರು. ಕೊಳಕು ಮನೆ, ತಾಯಂದಿರ ಅಜ್ಞಾನ ಎಂದವರೂ ಇದ್ದರು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ಬರೀ ಕಾಳಿನ ಊಟ ಹಾಕಿ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಎಣ್ಣೆಯಿಂದ ತಡೆದು ತೋರಿಸಿದ. ಅದೇ ವರ್ಷ ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್‌ಸ್ಕಿ ಎಂಬ ಡಾಕ್ಟರು ದೀಪದ ನೇರಳಾತೀತ ಕಿರಣದಿಂದ ಮಕ್ಕಳನ್ನು ವಾಸಿ ಮಾಡಿದ. ಮಹಾಯುದ್ಧ ಮುಗಿದು ಹಸಿವಿನಲ್ಲಿದ್ದ ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಎಂಬ ಹೆಣ್ಣುಮಗಳು ಮಕ್ಕಳ ಆಸ್ಪತ್ರೆಯಲ್ಲೇ ಕೂತು ಎಣ್ಣೆ, ಬಿಸಿಲು ಎರಡರ ಗುಣವನ್ನೂ ಎತ್ತಿ ಹಿಡಿದಳು. ವಂಶದ ಮಾತು ಮೂಲೆಗೆ ಹೋಯಿತು. ಯಾಕೆ? ಯಾರೋ ಹೋಗಿ ಮಕ್ಕಳ ಎಲುಬನ್ನು ಪರೀಕ್ಷಿಸಿದರು ಅದಕ್ಕೆ.

‘ನಮ್ಮಲ್ಲಿ ಬಿಸಿಲಿಗೇನು ಬರವಾ?’ ಅಂತ ನೀವು ಕೇಳಬಹುದು. ಕೇಳಿ. 2016–18ರಲ್ಲಿ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ವಿಟಮಿನ್ ಡಿ ಕೊರತೆ 1–4 ವರ್ಷದವರಲ್ಲಿ ಶೇಕಡ 14, 5–9ರವರಲ್ಲಿ 18, 10–19ರವರಲ್ಲಿ 24. ನೋಡಿ, ಹೆಚ್ಚು ಇರೋದು ನಮ್ಮ ವಯಸ್ಸಿನವರಲ್ಲಿ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬಿಸಿಲು ಬೇಕು. ಬಾಣಂತಿಯನ್ನೂ ಕೂಸನ್ನೂ ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಇಡುತ್ತೇವೆ. ತಾಯಿಯ ಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಮಳೆಗಾಲದಲ್ಲಿ ಮೋಡ. ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ ಐದಕ್ಕೇ ಗೇಟಿಗೆ ಬೀಗ.

ಬಿಸಿಲಿದ್ದರೂ ಸಾಲದು. 1999ರಲ್ಲಿ ನೈಜೀರಿಯಾದಲ್ಲಿ ನಡೆದ ಸಂಶೋಧನೆ ಇದನ್ನು ತೋರಿಸಿತು. ಬಿಸಿಲಿನಲ್ಲೇ ಆಡುವ ಮಕ್ಕಳಿಗೆ ಅಲ್ಲಿ ರಿಕೆಟ್ಸ್ ಇತ್ತು. ಬರೀ ವಿಟಮಿನ್ ಡಿ ಕೊಟ್ಟವರಿಗಿಂತ ಕ್ಯಾಲ್ಸಿಯಂ ಕೊಟ್ಟವರು ಚೆನ್ನಾಗಿ ವಾಸಿಯಾದರು. ಕಳಚಿದ್ದ ಕೊಂಡಿ ಊಟದ್ದು. ಈಗ ನಮ್ಮ ತಟ್ಟೆ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 10. ಹಾಸ್ಟೆಲಿನಲ್ಲಿ ಮೂರು ಹೊತ್ತೂ ಏನು ಬಡಿಸುತ್ತಾರೆ? ಅನ್ನ, ಚಿತ್ರಾನ್ನ, ಮತ್ತೆ ಅನ್ನ. ಸಾರು ನೀರಾದರೆ ಜಗಳ ಮಾಡುತ್ತೇವೆ. ಎಲುಬು ನೀರಾಗುತ್ತಿದೆ ಅಂತ ಜಗಳ ಮಾಡಿದ್ದೇವಾ?

ಇನ್ನು ಹಂದಿಗೋಡಿಗೆ ಬರೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ ಕೃಷ್ಣಮಾಚಾರಿ, ಭಟ್ ಎಂಬ ಸಂಶೋಧಕರು ಬಂದು ನೋಡಿದರು. 1978ರಲ್ಲಿ ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ಇದೇ ಕೃಷ್ಣಮಾಚಾರಿಯವರು 1973ರಲ್ಲಿ, ಫ್ಲೋರೈಡ್ ನೀರು ಕುಡಿಯುವ ಸೀಮೆಯಲ್ಲಿ ಮಂಡಿ ಒಳಕ್ಕೆ ಬಾಗುವುದನ್ನು ಬರೆದಿದ್ದವರು. ಅಂದರೆ ಡೊಂಕು ಕಾಲಿಗೆ ಕಾರಣ ಒಂದೇ ಅಲ್ಲ ಎಂಬುದು ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. 1990ರ ದಶಕದಲ್ಲಿ ಲಕ್ನೋದ ಸಂಜಯ ಗಾಂಧಿ ವೈದ್ಯ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ಮತ್ತು ಜೊತೆಯವರು ಎಕ್ಸ್‌ರೇ, ವಂಶಾವಳಿ ಎಲ್ಲ ನೋಡಿ ಹೇಳಿದ್ದು ಇದು: ಹಂದಿಗೋಡು ಕಾಯಿಲೆ ರಿಕೆಟ್ಸ್ ಅಲ್ಲ. ಬೆನ್ನುಹುರಿಯ ಮೂಳೆ, ಕೀಲಿನ ತುದಿಯ ಮೂಳೆ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದ ವಂಶವಾಹಿ ಕಾಯಿಲೆ. ಕೆಲವರಿಗೆ ಕೀಲು ನೋವು, ಕೆಲವರು ತೀರ ಕುಳ್ಳರು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಕಂಡದ್ದು ಮುಖ್ಯವಾಗಿ ಚಲವಾದಿ, ಚೆನ್ನಂಗಿ ಸಮುದಾಯಗಳಲ್ಲಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲಿ.

ಈ ಸಂಶೋಧನೆಯನ್ನು ನಾನು ಅಲ್ಲಗಳೆಯುವುದಿಲ್ಲ. ವಿಜ್ಞಾನ ನಮ್ಮ ವೈರಿಯಲ್ಲ. ಆದರೆ ಆ ಮಾತು ಪತ್ರಿಕೆಯಿಂದ ಇಳಿದು ಆಸ್ಪತ್ರೆಯ ಬಾಗಿಲಿಗೆ, ಜಗುಲಿಗೆ ಬರುವಾಗ ಏನಾಯಿತು?

ಮೊದಲು ನಮ್ಮ ಊಟಕ್ಕೆ ಬೈದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಗುಮಾನಿ ಆಗ ಎದ್ದಿತ್ತು. ಔಷಧಿ ಹೊಡೆಸಿದ ಗದ್ದೆ ಯಾರದು? ಒಡೆಯನದು. ಏಡಿ ಹಿಡಿದು ತಿಂದವನು ಯಾರು? ಕೂಲಿ ಸಾಲದವನು. ಆದರೂ ತಪ್ಪು ತಿಂದವನದು! ಏಡಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ನಮ್ಮ ಕೇರಿಯ ಕ್ಯಾಲ್ಸಿಯಂ ಅನ್ನುವುದನ್ನು ಯಾರೂ ಹೇಳಲಿಲ್ಲ. ಆಮೇಲೆ ನಮ್ಮ ರಕ್ತಕ್ಕೆ ಬೈದರು. ‘ನಿಮ್ಮೋರ ರಕ್ತದಾಗೇ ಐತೆ.’

ರಕ್ತಕ್ಕೆ ಜಾತಿ ಇಲ್ಲ ಗೆಳೆಯರೆ. ಯಾವುದೋ ತಲೆಮಾರಿನಲ್ಲಿ ಯಾರೋ ಒಬ್ಬರಲ್ಲಿ ಇಂಥ ಬದಲಾವಣೆ ಹುಟ್ಟಬಹುದು. ಅದು ಬ್ರಾಹ್ಮಣರ ಅಗ್ರಹಾರದಲ್ಲೂ ಹುಟ್ಟಬಹುದು, ಗೌಡರ ಮನೆಯಲ್ಲೂ ಹುಟ್ಟಬಹುದು. ಹುಟ್ಟಿದ್ದು ಹೊರಗೆ ಹರಡದೆ ಅದೇ ನಾಲ್ಕು ಕೇರಿಗಳಲ್ಲಿ ಸುತ್ತುತ್ತಾ ಉಳಿಯಬೇಕಾದರೆ ಹೆಣ್ಣು ಕೊಡುವುದು ತರುವುದು ಆ ನಾಲ್ಕು ಕೇರಿಗಳಲ್ಲೇ ಆಗಬೇಕು. ಆ ಬೇಲಿ ಹಾಕಿದವರು ಯಾರು? 1916ರಲ್ಲಿ, ಇಪ್ಪತ್ತೈದು ವರ್ಷದ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದಾಗ ಹೇಳಿದ್ದು ಇದನ್ನೇ: ಜಾತಿಯ ಜೀವಾಳ ಒಳಮದುವೆ. ಕಾಯಿಲೆ ಜೀನಿನದು. ಅದನ್ನು ಕೇರಿಯೊಳಗೆ ಕೂಡಿಹಾಕಿದ್ದು ಜಾತಿ.

ದಕ್ಷಿಣ ಆಫ್ರಿಕದಲ್ಲೂ ಹೀಗೊಂದು ಊರಿದೆ, ಮ್ಸೆಲೆನಿ. ವರ್ಣಭೇದದ ಆಡಳಿತ ಇದ್ದಾಗ, 1970ರಲ್ಲಿ, ಅಲ್ಲಿನ ಕರಿಯರ ಸೊಂಟದ ಕೀಲು ಸವೆಯುವ ಕಾಯಿಲೆ ವೈದ್ಯ ಪತ್ರಿಕೆಗೆ ಬಂತು. 1997ರಲ್ಲಿ ಅಗರ್ವಾಲರೂ ಅಲ್ಲಿನ ಸಂಶೋಧಕರೂ ಸೇರಿ ಮ್ಸೆಲೆನಿ, ಹಂದಿಗೋಡು ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡೂ ಒಂದೇನಾ ಎಂದು ಚರ್ಚಿಸಿದರು. ಪತ್ರಿಕೆಯಲ್ಲಿ ಎರಡು ಊರೂ ಭೇಟಿಯಾದವು. ಹಂದಿಗೋಡಿನ ಮುದುಕಿಗೂ ಮ್ಸೆಲೆನಿಯ ಮುದುಕಿಗೂ ಅದು ಗೊತ್ತಾ?

ನನ್ನ ವಾದ ಇಷ್ಟು. ಹಂದಿಗೋಡು ಕಾಯಿಲೆ ನಿಜ, ಅದಕ್ಕೆ ಬುಡಸಮೇತ ಕೀಳುವ ಮದ್ದಿಲ್ಲ. ರಿಕೆಟ್ಸೂ ನಿಜ, ಅದಕ್ಕೆ ಅಗ್ಗದ ಮದ್ದಿದೆ. ಎರಡೂ ಒಂದೇ ಕೇರಿಯಲ್ಲಿ ಇರಬಹುದು. ಕೇರಿಯ ಹೆಸರು ಕೇಳಿ ರೋಗ ಹೇಳುವ ಡಾಕ್ಟರು, ವಾಸಿಯಾಗುವ ಮಗುವನ್ನು ವಾಸಿಯಾಗದ ಪಟ್ಟಿಗೆ ಸೇರಿಸುತ್ತಾನೆ. ಬೆಳವಣಿಗೆಯ ವಯಸ್ಸು ದಾಟಿದರೆ ಆ ಡೊಂಕು ಔಷಧಿಗೆ ಬಗ್ಗುವುದಿಲ್ಲ, ಆಪರೇಷನ್ನೇ ಗತಿ. ಇನ್ನೊಂದು ಕಡೆ, ನಿಜವಾಗಿ ಹಂದಿಗೋಡು ಇರುವವರಿಗೆ ವರ್ಷಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ನುಂಗಿಸಿ ಸುಮ್ಮನಾಗುವುದೂ ಮೋಸವೇ. ಅವರಿಗೆ ಬೇಕಾದ್ದು ಕೀಲಿನ ಶಸ್ತ್ರಚಿಕಿತ್ಸೆ, ವ್ಯಾಯಾಮ, ಪಿಂಚಣಿ, ಕೂತು ಮಾಡುವ ಕೆಲಸ.

ಹಕ್ಕುಗಳು ಕಾಗದದ ಮೇಲೆ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ರಿಕೆಟ್ಸ್ ಹೆಸರು ಹಿಡಿದು ಬರೆದಿದೆ. ಹದಿನೆಂಟರವರೆಗೆ ಮುಂದಿನ ಚಿಕಿತ್ಸೆ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕುಬ್ಜತೆಯನ್ನೂ ಅಂಗವೈಕಲ್ಯ ಎಂದು ಒಪ್ಪಿದೆ. ಬೆಳೆದವರಲ್ಲಿ 147 ಸೆಂಟಿಮೀಟರು ಅಥವಾ ಅದಕ್ಕಿಂತ ಕಡಿಮೆ ಎತ್ತರ ಎಂದು ಅಳತೆಯನ್ನೂ ಕೊಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ನಿಯಮದ ಪ್ರಕಾರ, ಯಾರ ಮೈಮೇಲೆ ಸಂಶೋಧನೆ ನಡೆಯುತ್ತದೋ ಅವರಿಗೆ ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಫಲದಲ್ಲಿ ಅವರಿಗೂ ಪಾಲಿರಬೇಕು.

ಕಾಗದ ತಾನಾಗೇ ನಡೆದು ಕೇರಿಗೆ ಬರುವುದಿಲ್ಲ. ಹೊತ್ತು ತರುವ ಕಾಲು ನಮ್ಮದು. ಶಿಕಾರಿಪುರ, ಸೊರಬದ ಹಾಸ್ಟೆಲಿನವರು ಈ ರಜಕ್ಕೆ ಊರಿಗೆ ಹೋದಾಗ ಇಷ್ಟು ಮಾಡಿ.

ಒಂದು, ನಿಮ್ಮ ಕೇರಿಯಲ್ಲಿ ಒಂದೂವರೆ ವರ್ಷ ದಾಟಿದರೂ ನಡೆಯದ, ಕಾಲು ಬಾಗಿದ, ಮುಂಗೈ ಗಂಟು ದಪ್ಪಗಿರುವ ಮಕ್ಕಳ ಪಟ್ಟಿ ಬರೆದು ಆಶಾ ಕಾರ್ಯಕರ್ತೆಗೆ ಕೊಡಿ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಎರಡು, ಆಸ್ಪತ್ರೆಗೆ ಜೊತೆಗೆ ಹೋಗಿ. ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಇಲ್ಲದೆ ‘ನಿಮ್ಮೋರ ಕಾಯಿಲೆ’ ಅಂದರೆ, ‘ಹಾಗಂತ ಚೀಟೀಲಿ ಬರೆದುಕೊಡಿ ಸಾರ್’ ಅನ್ನಿ. ಬಾಯಲ್ಲಿ ಹೇಳೋದು ಸುಲಭ, ಬರೆಯೋದು ಕಷ್ಟ.

ಮೂರು, ಅಂಗಡಿಯಿಂದ ತಂದು ಮನಸ್ಸಿಗೆ ಬಂದಷ್ಟು ಡ್ರಾಪ್ಸ್ ಹಾಕಬೇಡಿ. ವಿಟಮಿನ್ ಡಿ ಅತಿಯಾದರೆ ಅದೂ ವಿಷ. ವೈದ್ಯರು ಹೇಳಿದ ಅಳತೆ, ಹೇಳಿದ ದಿನ.

ನಾಲ್ಕು, ಹಾಸ್ಟೆಲಿನ ಊಟದ ಪಟ್ಟಿಗೆ ರಾಗಿ, ಹಾಲು, ಮೊಟ್ಟೆ, ಸೊಪ್ಪು ಬರೆಸಿ. ಹುಡುಗಿಯರ ಹಾಸ್ಟೆಲಿಗೆ ಆಟದ ಬಯಲು, ಆಡುವ ಹೊತ್ತು ಕೇಳಿ. ಇದು ಐಷಾರಾಮ ಅಲ್ಲ, ಎಲುಬಿನ ಬಾಬ್ತು.

ಐದು, ನಿಮ್ಮ ಮನೆಯಿಂದ ಯಾವಾಗಲಾದರೂ ರಕ್ತ, ಎಕ್ಸ್‌ರೇ ತೆಗೆದುಕೊಂಡು ಹೋಗಿದ್ದರೆ ಅದರ ಫಲಿತಾಂಶ ಕನ್ನಡದಲ್ಲಿ ಕೊಡಿ ಅಂತ ಅರ್ಜಿ ಹಾಕಿ. ಅದು ನಿಮ್ಮ ಮೈ, ನಿಮ್ಮ ಕಾಗದ.

ನಮ್ಮಲ್ಲಿ ಕೆಲವರು ಡಾಕ್ಟರು, ನರ್ಸು ಆಗುವವರಿದ್ದೀರಿ. ಅವರಿಗೆ ಒಂದೇ ಮಾತು. ನಾಳೆ ನಿಮ್ಮ ಮೇಜಿನ ಮುಂದೆ ಒಬ್ಬ ತಾಯಿ ಡೊಂಕು ಕಾಲಿನ ಮಗುವನ್ನು ಎತ್ತಿಕೊಂಡು ನಿಲ್ಲುತ್ತಾಳೆ. ಮೊದಲು ಊರು ಕೇಳಬೇಡಿ, ಕೇರಿ ಕೇಳಬೇಡಿ. ಮೊದಲು ಆ ಕಾಲು ಮುಟ್ಟಿ ನೋಡಿ.

— ಒಬ್ಬ ಹಳೆಯ ಹಾಸ್ಟೆಲ್ ಹುಡುಗ