ಯಾರಿಗೆ ಹೇಳುವುದು?

1986ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಆಗಿನ ಕಾಲಕ್ಕೆ ಗಣಕಯಂತ್ರವು ಬಹಳ ದುಬಾರಿಯ ಸಾಧನ. ಅದನ್ನು ಬಳಸಿದವರು ಬಳಸಿದಷ್ಟು ಹೊತ್ತಿಗೆ ಬಾಡಿಗೆ ತೆರಬೇಕಾಗಿತ್ತು. ಯಾರೋ ಕೆಲವು ಸೆಕೆಂಡುಗಳ ಬಾಡಿಗೆಯನ್ನು ಕೊಟ್ಟಿರಲಿಲ್ಲ. ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳವಿಜ್ಞಾನಿಗಳು ತಮ್ಮ ಸಂಶೋಧನೆಯ ಧನಸಹಾಯ ಮುಗಿದುದರಿಂದ ಗಣಕಯಂತ್ರದ ವಿಭಾಗಕ್ಕೆ ಆಗತಾನೆ ಬಂದಿದ್ದರು. ಹೊಸಬರಿಗೆ ಒಪ್ಪಿಸತಕ್ಕ ಚಿಲ್ಲರೆ ಕೆಲಸವೆಂದು ಈ 75 ಸೆಂಟುಗಳ ಲೆಕ್ಕ ಅವರ ಪಾಲಿಗೆ ಬಂದಿತು. ಅವರು ಹುಡುಕುತ್ತ ಹೋದಂತೆ, ಇದು ಕೂಡಿಸುವುದರಲ್ಲಿ ಆದ ತಪ್ಪಲ್ಲ, ಹೊರಗಿನವನೊಬ್ಬನು ಯಂತ್ರದೊಳಕ್ಕೆ ನುಸುಳಿದ್ದಾನೆ, ಅಲ್ಲಿಂದ ಮುಂದೆ ಸೈನ್ಯದ ಗಣಕಯಂತ್ರಗಳ ಬಾಗಿಲುಗಳನ್ನು ತಟ್ಟಿ ನೋಡುತ್ತಿದ್ದಾನೆ ಎಂಬುದು ಬಯಲಾಯಿತು. ಕೊನೆಗೆ ಆತನು ಸಿಕ್ಕಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರಾಟವಾಗುತ್ತಿತ್ತು.

ಸ್ಟಾಲ್ ಅವರು ಈ ಕಥೆಯನ್ನು 1989ರಲ್ಲಿ ಪುಸ್ತಕವಾಗಿಯೇ ಬರೆದಿದ್ದಾರೆ. ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಳ್ಳನ ಬೇಟೆಯಲ್ಲ. ಪಾಪ, ಅವರು ದೂರನ್ನು ಹೊತ್ತು ಅಲೆದಾಡಿದ ಭಾಗ. ಪೋಲೀಸು ಖಾತೆಯವರು ಕೇಳಿದ ಪ್ರಶ್ನೆ, ನಷ್ಟವೆಷ್ಟು ಎಂಬುದು. 75 ಸೆಂಟು ಎಂಬ ಉತ್ತರಕ್ಕೆ ಕಿವಿಗೊಡುವವರು ಯಾರು? ಒಂದು ಕಚೇರಿ ಮತ್ತೊಂದು ಕಚೇರಿಯನ್ನು ತೋರಿಸಿತು. ಇಂತಹ ಸಂಗತಿಯನ್ನು ಕೇಳಿಸಿಕೊಳ್ಳುವುದೇ ತನ್ನ ಕೆಲಸವೆಂದುಕೊಂಡ ಸಂಸ್ಥೆ ಆಗ ಆ ದೇಶದಲ್ಲಿ ಇರಲಿಲ್ಲ.

ಅದು ಹುಟ್ಟಿಕೊಳ್ಳುವುದಕ್ಕೆ ಒಂದು ಅನಾಹುತವೇ ಆಗಬೇಕಾಯಿತು. 1988ನೆಯ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಎಂಬಾತನು, ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಯಂತ್ರದಿಂದ ಯಂತ್ರಕ್ಕೆ ಹರಿದುಹೋಗುವ ಒಂದು ಪ್ರೋಗ್ರಾಮನ್ನು ಅಂತರ್ಜಾಲಕ್ಕೆ ಬಿಟ್ಟನು. ಅದಕ್ಕೆ 'ಹುಳು' ಎಂದು ಹೆಸರಾಯಿತು. ಅದು ತಂತ್ರಾಂಶದ ಬಿರುಕುಗಳಲ್ಲಿ ನುಸುಳುತ್ತಿತ್ತು. ತನ್ನಲ್ಲಿದ್ದ 432 ಪದಗಳ ಒಂದು ಪಟ್ಟಿಯಿಂದ ಜನರ ಪಾಸ್‌ವರ್ಡುಗಳನ್ನು ಊಹಿಸಿ ನೋಡುತ್ತಿತ್ತು. ಒಂದು ಯಂತ್ರದಲ್ಲಿ ತನ್ನ ಜಾತಿಯ ಹುಳು ಮೊದಲೇ ಇದ್ದರೆ ಹಿಂದೆಗೆಯಬೇಕೆಂಬ ಏರ್ಪಾಡೇನೋ ಇತ್ತು. ಆದರೆ ಯಂತ್ರದ ಒಡೆಯರು 'ಇದೆ' ಎಂದು ಸುಳ್ಳು ಹೇಳಿಸಿಯಾರೆಂಬ ಭಯದಿಂದ, ಏಳು ಸಲಕ್ಕೊಮ್ಮೆ ಉತ್ತರವನ್ನು ಲೆಕ್ಕಿಸದೆ ಅಲ್ಲಿಯೇ ನೆಲೆಯೂರತಕ್ಕದ್ದೆಂದು ಮೋರಿಸ್ ವಿಧಿಸಿದ್ದನು. ಈ ಏಳರಲ್ಲೊಂದರ ಲೆಕ್ಕವೇ ಅನರ್ಥಕ್ಕೆ ಮೂಲವಾಯಿತು. ಒಂದೊಂದು ಯಂತ್ರದಲ್ಲಿಯೂ ಹುಳುಗಳ ಮೇಲೆ ಹುಳುಗಳು ಸೇರಿ, ಬೇರೆ ಯಾವ ಕೆಲಸವೂ ಸಾಗದಂತಾಯಿತು. ಅಂದು ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳ ಪೈಕಿ 6,000 ಹೀಗೆ ಕೆಟ್ಟು ನಿಂತವೆಂದು ಅಂದಾಜು.

ಆ ರಾತ್ರಿಯ ಒಂದು ಸಣ್ಣ ಘಟನೆಯನ್ನು ನಮ್ಮ ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಮೋರಿಸನ ಸ್ನೇಹಿತನೊಬ್ಬನು ಬೆಳಗಿನ ಜಾವಕ್ಕೆ ಮುನ್ನವೇ, ಕ್ಷಮೆ ಬೇಡಿ, ಹುಳುವನ್ನು ತಡೆಯುವ ಉಪಾಯವನ್ನೂ ತಿಳಿಸಿ, ಹೆಸರಿಲ್ಲದ ಒಂದು ಸಂದೇಶವನ್ನು ಜಾಲದಲ್ಲಿ ಕಳುಹಿಸಿದನು. ಮದ್ದು ಸಿದ್ಧವಾಗಿತ್ತು. ಆದರೆ ಅದು ಬರಬೇಕಾದ ದಾರಿಯೂ ಹುಳು ಹಿಡಿದ ಯಂತ್ರಗಳ ದಾರಿಯೇ! ಸಂದೇಶ ತಲಪಿದ್ದು ಒಂದು ದಿನಕ್ಕೂ ಮೀರಿ ತಡವಾಗಿ. ಹೆದರಿ ಜಾಲದಿಂದ ಸಂಬಂಧವನ್ನೇ ಕಡಿದುಕೊಂಡಿದ್ದ ಸಂಸ್ಥೆಗಳಿಗಂತೂ ಸುದ್ದಿ ಬರುವ ಮಾರ್ಗವೇ ಇರಲಿಲ್ಲ. ಯಾರಿಗೆ ಹೇಳಬೇಕು, ಯಾರಿಂದ ಕೇಳಬೇಕು ಎಂಬುದು ಯಾರಿಗೂ ತಿಳಿಯದೆ ಬುದ್ಧಿವಂತರೆಲ್ಲ ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ತಡಕಾಡಿದರು.

ಇದಾದ ಕೆಲವೇ ವಾರಗಳಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 'ಸರ್ಟ್' ಎಂಬ ತಂಡ ಸ್ಥಾಪಿತವಾಯಿತು. ಅದರ ಮುಖ್ಯ ಬಂಡವಾಳ ಹಗಲಿರುಳೂ ಎತ್ತುವ ಒಂದು ಟೆಲಿಫೋನು ಎಂದರೆ ಅತಿಶಯೋಕ್ತಿಯಾಗದು. ಯಾರ ಯಂತ್ರಕ್ಕೆ ಏನಾದರೂ ಅಲ್ಲಿಗೆ ತಿಳಿಸುವುದು; ತಿಳಿಸಿದವರ ಹೆಸರನ್ನು ಹೊರಗೆಡಹದೆ, ಹತ್ತು ಕಡೆಯ ಸುದ್ದಿಯನ್ನು ಜೋಡಿಸಿ, ಪರಿಹಾರವನ್ನು ಎಲ್ಲರಿಗೂ ಸಾರುವುದು. ಇದೇ ಮಾದರಿ ಲೋಕದಲ್ಲೆಲ್ಲ ಹಬ್ಬಿತು. 1990ರಲ್ಲಿ ನಾನಾ ತಂಡಗಳ ಒಂದು ಕೂಟವೂ ಏರ್ಪಟ್ಟಿತು.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಸೈಬರ್ ಅಪರಾಧಗಳಿಗೆಂದೇ ಮೀಸಲಾದ ಭಾರತದ ಮೊದಲ ಪೋಲೀಸು ಠಾಣೆ 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತೆರೆಯಿತು. 2004ರಲ್ಲಿ 'ಸರ್ಟ್-ಇನ್' ಕೆಲಸ ಮೊದಲು ಮಾಡಿತು. ಅದರ 'ಸೈಬರ್ ಸ್ವಚ್ಛತಾ ಕೇಂದ್ರ'ದಿಂದ ಫೋನು ಮತ್ತು ಕಂಪ್ಯೂಟರಿನ ಸೋಂಕನ್ನು ತೊಳೆಯುವ ಸಲಕರಣೆಗಳು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. 2019ರಿಂದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ಎಲ್ಲ ಬಗೆಯ ಸೈಬರ್ ದೂರುಗಳನ್ನೂ ಮನೆಯಿಂದಲೇ ಬರೆಯಬಹುದು. ಹಣ ಹೋದವರಿಗೆ 1930 ಎಂಬ ದೂರವಾಣಿ ಸಂಖ್ಯೆ ಇದೆ. ಇದರ ಕಾರ್ಯವಿಧಾನ ತಿಳಿಯತಕ್ಕದ್ದು. ಮೋಸಗಾರನ ಖಾತೆಗೆ ಬಿದ್ದ ಹಣ ಅಲ್ಲಿಯೇ ಕುಳಿತಿರುವುದಿಲ್ಲ. ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ ಒಡೆಯುತ್ತ ಒಡೆಯುತ್ತ ಓಡುತ್ತದೆ. 1930ಕ್ಕೆ ಕರೆ ಬಂದೊಡನೆ ಹಣ ಹೋದ ಬ್ಯಾಂಕಿಗೆ ಸೂಚನೆ ಮುಟ್ಟುತ್ತದೆ. ಹಣ ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ಸೂಚನೆಯೂ ಮುಂದಿನ ಬ್ಯಾಂಕಿಗೆ ಹಿಂಬಾಲಿಸಿ ಹೋಗುತ್ತದೆ. ಇದು ಕಳ್ಳನಿಗೂ ದೂರಿಗೂ ನಡೆಯುವ ಓಟ. ಯಾರಾದರೂ ಎ.ಟಿ.ಎಂ. ಯಂತ್ರದಿಂದ ನೋಟನ್ನು ತೆಗೆದುಕೊಂಡರೆ ಓಟ ಮುಗಿಯಿತು.

ಹಾಗಾದರೆ ಏಣಿಗಳೆಲ್ಲ ಇರುವಾಗ ಬಾವಿಗೆ ಬಿದ್ದವರು ಏತಕ್ಕೆ ಕೂಗುವುದಿಲ್ಲ? ನಮಗೆ ಪರಿಚಿತನಾದ ಒಬ್ಬ ಪಿ.ಯು.ಸಿ. ವಿದ್ಯಾರ್ಥಿ, ಹೋಟೆಲುಗಳಿಗೆ ನಕ್ಷತ್ರ ಕೊಟ್ಟು ಹಣ ಗಳಿಸುವ ಉದ್ಯೋಗವೆಂಬ ಆಸೆಗೆ ಬಿದ್ದು, ಹಾಸ್ಟೆಲಿನ ಶುಲ್ಕವೆಂದು ಮನೆಯಿಂದ ತಂದಿದ್ದ 14,000 ರೂಪಾಯಿಗಳನ್ನು ಕಳೆದುಕೊಂಡನು. 1930 ಎಂಬ ಸಂಖ್ಯೆ ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಅವನು ಬಾಯಿ ಬಿಟ್ಟದ್ದು ಹನ್ನೊಂದನೆಯ ದಿನ. "ಹೇಳಿದರೆ ಅಪ್ಪ ಫೋನು ಕಿತ್ತುಕೊಂಡು ಓದು ಬಿಡಿಸುತ್ತಾರೆ, ಸಾರ್" ಎಂದನು. ಅವನ ತಂದೆಯನ್ನು ನಾವು ಬಲ್ಲೆವು, ಹಾಗೆ ಮಾಡುವವರಲ್ಲ. ಆದರೆ ಅದು ಹುಡುಗನಿಗೆ ತಿಳಿದಿರಲಿಲ್ಲ.

ನಮ್ಮ ಅಭಿಪ್ರಾಯವನ್ನು ಇಲ್ಲಿ ಮರೆಮಾಚದೆ ಹೇಳುತ್ತೇವೆ. ಈ ಸಂಸ್ಥೆಗಳ ಪ್ರಚಾರವೆಲ್ಲ 'ಎಚ್ಚರ, ಎಚ್ಚರ' ಎಂಬ ಒಂದೇ ಪಲ್ಲವಿಯನ್ನು ಹಾಡುತ್ತಿದೆ. ಒ.ಟಿ.ಪಿ. ಹೇಳಬೇಡಿ, ಲಿಂಕು ಒತ್ತಬೇಡಿ. ಈ ಮಾತುಗಳು ಸರಿಯಾದುವೇ. ಆದರೆ ನೂರು ಸಲ ಕೇಳಿದ ಮೇಲೂ ಮೋಸಹೋದವನಿಗೆ ಅವೇ ಮಾತುಗಳು, 'ತಪ್ಪು ನಿನ್ನದೇ' ಎಂದು ಕೇಳಿಸುತ್ತವೆ. ಮೋಸಗಾರನು ಇದನ್ನು ಚೆನ್ನಾಗಿ ಬಲ್ಲನು. ಪೋಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವವನ (ಇಂತಹ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ) ಮೊದಲ ಆಜ್ಞೆ, ಯಾರಿಗೂ ಹೇಳಕೂಡದು ಎಂಬುದು. ಅವನ ಕಸುಬಿಗೆ ಬೇಕಾದ ಆಯುಧಗಳಲ್ಲಿ ಗಣಕಯಂತ್ರಕ್ಕಿಂತ ನಮ್ಮ ನಾಚಿಕೆಯೇ ಹೆಚ್ಚು ಹರಿತವಾದುದು.

ಚಿತ್ರಗಳನ್ನಿಟ್ಟುಕೊಂಡು ಬೆದರಿಸುವ ನೀಚತನದಲ್ಲಿ ಈ ನಾಚಿಕೆ ಪ್ರಾಣಕ್ಕೇ ಸಂಚಕಾರ ತರುತ್ತದೆ. ಹದಿನಾರು ವರ್ಷದ ಹುಡುಗಿ ಅಥವಾ ಹುಡುಗ, ಆ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸಿ ದೂರು ಕೊಡುವುದು ಹೇಗೆ? ಇಲ್ಲಿ ವಿಜ್ಞಾನ ಮಾಡಿರುವ ಒಂದು ಉಪಕಾರವನ್ನು ಎಲ್ಲರೂ ತಿಳಿದಿರಬೇಕು. 2023ರಲ್ಲಿ ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು 'ಟೇಕ್ ಇಟ್ ಡೌನ್' ಎಂಬ ಸೇವೆಯನ್ನು ತೆರೆಯಿತು. ಹದಿನೆಂಟು ತುಂಬುವ ಮುನ್ನ ತೆಗೆದ ಚಿತ್ರಗಳಿಗೆ ಇದು. ವಯಸ್ಕರಿಗೆ 'ಸ್ಟಾಪ್ ಎನ್‌ಸಿಐಐ' ಎಂಬ ಬೇರೊಂದುಂಟು. ಚಿತ್ರವು ನಮ್ಮ ಫೋನಿನಲ್ಲಿಯೇ ಉಳಿಯುತ್ತದೆ. ಅದರಿಂದ ಗಣಿತದ ರೀತ್ಯಾ ಒಂದು ಸಂಖ್ಯಾಮುದ್ರೆಯನ್ನು ತೆಗೆದು, ಆ ಮುದ್ರೆಯನ್ನು ಮಾತ್ರ ಕಳುಹಿಸಲಾಗುತ್ತದೆ. ಬೆರಳಚ್ಚಿನಿಂದ ಮನುಷ್ಯನ ಮುಖವನ್ನು ಬಿಡಿಸಲಾಗದಂತೆ ಆ ಮುದ್ರೆಯಿಂದ ಚಿತ್ರವನ್ನು ಮರಳಿ ಪಡೆಯಲಾಗದು. ಆದರೆ ಅದೇ ಚಿತ್ರ ಎಲ್ಲಿಯಾದರೂ ಬಂದರೆ ಗುರುತು ಹತ್ತುತ್ತದೆ. ಈ ಏರ್ಪಾಡಿಗೆ ಸೇರಿದ ಕಂಪನಿಗಳು ತಮ್ಮ ತಾಣಗಳಲ್ಲಿ ಅದನ್ನು ಹುಡುಕಿ ತೆಗೆಯಬಲ್ಲವು. ಸೇರದ ಕಂಪನಿಗಳಲ್ಲಿಯೂ, ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂದೇಶಗಳಲ್ಲಿಯೂ ಇದು ನಡೆಯದು. ಇಷ್ಟು ಮಿತಿಯಿದ್ದರೂ, ದೂರು ಕೊಡುವವರ ಮಾನವನ್ನು ಕಾಯುವ ಈ ಸೊಗಸಾದ ಯುಕ್ತಿ ನಮಗೆ ಬಹಳ ಹಿಡಿಸಿದೆ. ನಮ್ಮ ರಾಷ್ಟ್ರೀಯ ಪೋರ್ಟಲ್ಲಿನಲ್ಲಿಯೂ ಮಹಿಳೆಯರ ಮತ್ತು ಮಕ್ಕಳ ಮೇಲಿನ ಇಂತಹ ಅಪರಾಧಗಳನ್ನು ಹೆಸರು ಹೇಳದೆ ತಿಳಿಸಲು ಅವಕಾಶವುಂಟು. ಮಕ್ಕಳು 1098ಕ್ಕೂ ಕರೆ ಮಾಡಬಹುದು.

2022ನೆಯ ಏಪ್ರಿಲಿನಲ್ಲಿ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ, ಸಂಸ್ಥೆಗಳು ತಮ್ಮ ಯಂತ್ರಗಳಿಗೆ ಆದ ಆಘಾತವನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು. ಕಂಪನಿಯನ್ನು ಕಾನೂನಿನಿಂದ ಮಾತಾಡಿಸಬಹುದು; ಹುಡುಗರನ್ನು ಹಾಗೆ ಮಾತಾಡಿಸಲಾಗದು. ಅವರು ಬಂದಾಗ ಠಾಣೆಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಮನೆಯಲ್ಲಾಗಲಿ 'ನಿನಗೆ ಅಷ್ಟೂ ಬುದ್ಧಿ ಬೇಡವೇ' ಎಂಬ ಮಾತು ಮೊದಲು ಬಂದರೆ, ಎರಡನೆಯವರು ಬರುವುದಿಲ್ಲ. ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ 1930 ಮತ್ತು 1098 ಎಂಬ ಸಂಖ್ಯೆಗಳ ಜೊತೆಗೆ, ಮೊದಲು ಹೋಗಿ ಹೇಳಬಹುದಾದ ಒಬ್ಬ ಉಪಾಧ್ಯಾಯರ ಹೆಸರನ್ನೂ ಫಲಕದಲ್ಲಿ ಬರೆಯಬೇಕೆಂದು ನಾವು ಕೇಳುತ್ತೇವೆ. ಆ ಉಪಾಧ್ಯಾಯರು ಗಣಕಯಂತ್ರದಲ್ಲಿ ಪಂಡಿತರಾಗಬೇಕಾದುದಿಲ್ಲ, ಗದರಿಸದವರಾದರೆ ಸಾಕು.

ಮೊತ್ತ ಸಣ್ಣದೆಂದು ಸುಮ್ಮನಿರುವವರು ಆ 75 ಸೆಂಟುಗಳನ್ನು ನೆನೆಯಲಿ. ದೂರುಗಳಲ್ಲಿ ಬಂದ ಫೋನು ಸಂಖ್ಯೆ, ಖಾತೆಯ ಸಂಖ್ಯೆಗಳನ್ನು ಈಗ ಅದೇ ಪೋರ್ಟಲ್ಲಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನಮ್ಮ ಆ ವಿದ್ಯಾರ್ಥಿಯ ದೂರೂ ದಾಖಲಾಯಿತು. ಹಣ ಮರಳಿ ಬರಲಿಲ್ಲ. ಹನ್ನೊಂದು ದಿನಗಳು ಬಹಳವಾಗಿಬಿಟ್ಟಿದ್ದುವು. ತಾನು ಹಣ ಕಳುಹಿಸಿದ ಖಾತೆಯ ಸಂಖ್ಯೆಯನ್ನು ಅವನು ಅದರಲ್ಲಿ ಬರೆದಿದ್ದಾನೆ. ಅವನಿಗಿಂತ ಮೊದಲು ಅದೇ ಖಾತೆಗೆ ಹಣ ಕಳುಹಿಸಿ ಸುಮ್ಮನಾದವರು ಎಷ್ಟು ಮಂದಿಯೋ.